ಬೆನ್ನು ಮಾಡಿ ನಿಂತ ಹುಡುಗಿಗೆ ಹೆಸರು ಹುಡುಕಿದ್ದು

ಜಪಾನಿನಿಂದ ದಾಂಡೇಲಿಗೆ ಮರಳಿದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: ಫೂಜಿ ಬೆಟ್ಟ ಹೇಗಿತ್ತು? ಆರು ತಿಂಗಳು ಅದರ ಬುಡದಲ್ಲೇ ಇದ್ದರೂ ನಾನು ಅದನ್ನು ಪೂರ್ತಿ ನೋಡಿದ್ದು ನಾಲ್ಕು ಸಲ. ಉಳಿದ ದಿನಗಳಲ್ಲಿ ಅದು ಮೋಡ ಹೊದ್ದು ಮಲಗಿರುತ್ತಿತ್ತು. ಬೆಟ್ಟ ಬೇಕಾದವರು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಲಿ. ನಾನು ಹೇಳಹೊರಟಿರುವುದು ಕಾಗದದ ಮೇಲಷ್ಟೇ ಇದ್ದ ಒಬ್ಬ ಹುಡುಗಿಯ ಸಂಗತಿ. ಅಲ್ಲಿ ಕಲಿತ ಯಂತ್ರದ ವಿದ್ಯೆಗಿಂತ ಅವಳಿಗೊಂದು ಹೆಸರು ಸಿಕ್ಕಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. ಗಿರಣಿಯ ಸಾಹೇಬರು ಇದನ್ನು ಓದದಿದ್ದರೆ ಒಳ್ಳೆಯದು.

ಅಳ್ನಾವರದಿಂದ ಕೋಬೆಗೆ

ಗೋವೆ ನಮ್ಮದಾದ ಎರಡನೆಯ ವರ್ಷ. ನಮ್ಮ ಕಾಗದ ಗಿರಣಿಗೆ ಜಪಾನಿನಿಂದ ಹೊಸ ಯಂತ್ರ ಬರುವುದಿತ್ತು. ಅದನ್ನು ನಡೆಸುವುದನ್ನು ಕಲಿತು ಬರಲು ಇಬ್ಬರನ್ನು ಆರಿಸಿದರು. ಒಬ್ಬ ನಾನು, ಹಳಿಯಾಳದ ಒಕ್ಕಲುಮನೆಯ ನಿಂಗಪ್ಪ. ಇನ್ನೊಬ್ಬ ಮುಂಡಗೋಡ ಕಡೆಯ ಚಿಗಳ್ಳಿಯ ಚನ್ನಬಸಪ್ಪ. ನನಗಿಂತ ಆರು ವರ್ಷ ಚಿಕ್ಕವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಅಳ್ನಾವರದಲ್ಲಿ ರೈಲು ಹತ್ತುವಾಗ ಇಬ್ಬರ ಮನೆಯವರೂ ಒಂದೊಂದು ಗಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದರು. ಮುಂಬಯಿಯಲ್ಲಿ ಹಡಗು ಹತ್ತಿದ ಮೂರನೆಯ ದಿನ ಸಮುದ್ರ ಕೆರಳಿತು. ಮಲಗಿದ ಚನ್ನಬಸಪ್ಪ ಸಿಂಗಾಪುರ ಬರುವವರೆಗೆ ಏಳಲಿಲ್ಲ.

"ನಿಂಗಣ್ಣಾ, ನಾ ಸತ್ರ ಈ ನೀರಾಗ ಒಗಿಯಾಕ ಬಿಡಬ್ಯಾಡ್ರಿ. ಚಿಗಳ್ಳಿ ಮಣ್ಣಿಗೇ ಒಯ್ರಿ" ಎಂದು ನರಳುತ್ತಿದ್ದ.

"ಮೊದಲ ನಿನ್ನ ರೊಟ್ಟಿ ಗಂಟು ಎಲ್ಲೈತಿ ಹೇಳು, ಆಮ್ಯಾಲೆ ಸಾಯಿ" ಎಂದೆ. ಹಡಗಿನ ಊಟದಲ್ಲಿ ಮೀನಿಲ್ಲದ ಪದಾರ್ಥವೆಂದರೆ ಬಿಸಿನೀರು ಮಾತ್ರ. ಹೀಗಾಗಿ ಅವನ ಪಾಲಿನ ರೊಟ್ಟಿಯನ್ನೂ ನಾನೇ ತಿಂದೆ. ಈ ಮಾತನ್ನು ಅವನು ಇವತ್ತಿಗೂ ಗಿರಣಿಯ ಗೇಟಿನಲ್ಲಿ ನಿಂತು ಹೇಳುತ್ತಾನೆ.

ಒಬಾಸಾನ್ ಮನೆ

ಕೋಬೆಯಲ್ಲಿ ಇಳಿದು ರೈಲಿನಲ್ಲಿ ಫೂಜಿ ಬೆಟ್ಟದ ಬುಡದ ಕಾಗದ ಗಿರಣಿಯ ಊರಿಗೆ ಹೋದೆವು. ನಿಲ್ದಾಣ ಬರುವ ಮೊದಲೇ ಮೂಗಿಗೆ ದಾಂಡೇಲಿ ಬಡಿಯಿತು. ಅದೇ ಕೊಳೆತ ತತ್ತಿಯ ವಾಸನೆ. ಚನ್ನಬಸಪ್ಪನ ಕಣ್ಣಲ್ಲಿ ನೀರು ಬಂತು. ವಾಸನೆಗೋ, ಮನೆ ನೆನಪಿಗೋ, ನಾನು ಕೇಳಲಿಲ್ಲ. ನಮ್ಮಲ್ಲಿ ಕುಳಗಿಯ ಕಾಡಿನಿಂದ ಬಿದಿರಿನ ಲಾರಿಗಳು ಬರುವ ಹಾಗೆ ಅಲ್ಲಿ ದೇವದಾರಿನ ದಿಮ್ಮಿಗಳ ಲಾರಿಗಳು ಬರುತ್ತಿದ್ದವು. ಕಾಡು ಬೇರೆ, ವಾಸನೆ ಒಂದೇ.

ನಮ್ಮನ್ನು ಇಳಿಸಿದ್ದು ಒಬ್ಬ ವಿಧವೆ ಮುದುಕಿಯ ಮರದ ಮನೆಯಲ್ಲಿ. ಬೀದಿಯವರೆಲ್ಲ ಆಕೆಯನ್ನು ಒಬಾಸಾನ್ ಎನ್ನುತ್ತಿದ್ದರು, ಅಂದರೆ ಅಜ್ಜಿ. ನಾವೂ ಹಾಗೇ ಕರೆದೆವು. ಹೆಸರೇನೆಂದು ಕೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಎರಡನೆಯ ದಿನವೇ ಒಂದು ಫಜೀತಿ. ಅಲ್ಲಿ ಊರಿಗೆಲ್ಲ ಒಂದು ಸ್ನಾನದ ಮನೆ. ಗಂಡಸರೆಲ್ಲ ಹುಟ್ಟಿದ ಮೈಯಲ್ಲಿ ಒಂದೇ ಬಿಸಿನೀರಿನ ಹೊಂಡದಲ್ಲಿ ಕುಳಿತು ಊರ ಸುದ್ದಿ ಮಾತಾಡುತ್ತಾರೆ. ಚನ್ನಬಸಪ್ಪ ಲಂಗೋಟಿಯನ್ನೂ ಬಿಚ್ಚಲಿಲ್ಲ, ಕೊರಳಿನ ಲಿಂಗದ ಬೆಳ್ಳಿ ಕರಡಿಗೆಯನ್ನೂ ತೆಗೆಯಲಿಲ್ಲ. ಹೊಂಡದಲ್ಲಿದ್ದ ಹತ್ತು ಜನ ಮಾತು ನಿಲ್ಲಿಸಿ ಅವನ ಎದೆಯನ್ನೇ ನೋಡಿದರು. ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅಜ್ಜಿ ಕರಡಿಗೆ ತೋರಿಸಿ ಏನೆಂದು ಸನ್ನೆ ಮಾಡಿದಳು. ನಾನು ಕೈಮುಗಿದು ಮೇಲೆ ನೋಡಿದೆ. ಮರುದಿನ ಬೆಳಗಿನಿಂದ ಚನ್ನಬಸಪ್ಪನ ತಲೆದಿಂಬಿನ ಹತ್ತಿರ ದಿನವೂ ಒಂದು ಹೂವು. ಕೊರಳಲ್ಲಿ ದೇವರಿದ್ದಾನೆಂದು ಗೊತ್ತಾದ ಮೇಲೆ ಬೇರೇನನ್ನೂ ಆಕೆ ಕೇಳಲಿಲ್ಲ. ನಮ್ಮೂರಲ್ಲಾದರೆ ಮೊದಲು ಕುಲ ಕೇಳಿ, ಆಮೇಲೆ ಹೂವಿನ ಮಾತು.

ಮಹಡಿಯ ಕೋಣೆ

ಮಹಡಿಯಲ್ಲಿ ಇನ್ನೊಬ್ಬ ಬಾಡಿಗೆದಾರಳಿದ್ದಳು. ಹೆಸರು ಹರುಯೆ, ವಯಸ್ಸು ಇಪ್ಪತ್ತನಾಲ್ಕು. ಗಾಜು ಒಡೆದ ಕನ್ನಡಕಕ್ಕೆ ಅಂಟುಪಟ್ಟಿ, ಬೆರಳಿಗೆಲ್ಲ ಮಸಿ. ಚಿತ್ರಗಳಲ್ಲೇ ಕಥೆ ಹೇಳುವುದು ಅವಳ ಕಸಬು. ಅದಕ್ಕೆ ಅಲ್ಲಿಯವರು ಮಾಂಗಾ ಎನ್ನುತ್ತಾರೆ. ನಮ್ಮ ಮಕ್ಕಳು ಶೇಂಗಾಕ್ಕೆ ಮುಗಿಬೀಳುವ ಹಾಗೆ ಅಲ್ಲಿಯ ಮಕ್ಕಳು ಮಾಂಗಾ ಪುಸ್ತಕಗಳಿಗೆ ಮುಗಿಬೀಳುತ್ತಾರೆ.

ಶಾಲೆಯಲ್ಲಿ ಕಲಿತ ಇಂಗ್ಲಿಷು ಅವಳದು, ಗಿರಣಿಯಲ್ಲಿ ಕಲಿತ ಇಂಗ್ಲಿಷು ನನ್ನದು. ಎರಡೂ ಕುಂಟು, ಆದ್ದರಿಂದ ಜೊತೆಯಾಗಿ ನಡೆದವು. ಆದರೆ ಅವಳ ಮಾತು ನನಗೆ ನೆನಪಾಗುವುದು ನಮ್ಮ ಹಳಿಯಾಳದ ಮಾತಿನಲ್ಲೇ. ಇಲ್ಲಿ ಹಾಗೆಯೇ ಬರೆಯುತ್ತೇನೆ.

ಅವಳ ಕೋಣೆಯ ಗೋಡೆಯ ತುಂಬ ಒಬ್ಬಳೇ ಹುಡುಗಿ. ಓಡುತ್ತಿದ್ದಾಳೆ, ಅನ್ನ ತಿನ್ನುತ್ತಿದ್ದಾಳೆ, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ದಾಟುತ್ತಿದ್ದಾಳೆ, ಯಾರ ಮೇಲೋ ಸಿಟ್ಟಾಗಿ ನಿಂತಿದ್ದಾಳೆ. ಎಲ್ಲದರಲ್ಲೂ ನಮಗೆ ಬೆನ್ನು. ಒಂದರಲ್ಲೂ ಮುಖವಿಲ್ಲ.

"ಯಾಕ, ಮಾರಿ ಬರಿಯಾಕ ಬರೂದಿಲ್ಲೇನು?" ಎಂದು ಚನ್ನಬಸಪ್ಪ ಕೇಳಿಬಿಟ್ಟ. ನಾನು ಅದನ್ನು ಸಭ್ಯವಾಗಿಸಿ ಅವಳಿಗೆ ಹೇಳಿದೆ.

ಅವಳು ನಗಲಿಲ್ಲ. "ಮೊದಲ ಬರೇ ಕರೀ ನೆರಳು ಬರೀತೇನಿ. ಕಣ್ಣು ಮೂಗು ಏನೂ ಬ್ಯಾಡ. ನೆರಳು ನೋಡೇ ಇಂಥಾಕಿ ಅಂತ ಗೊತ್ತಾಗಬೇಕು. ಹಂಗ ಹದಿನೆಂಟು ನೆರಳು ಹರದು ಒಗದೇನಿ. ಹತ್ತೊಂಬತ್ತನೇದಾಕಿ ಇವಳು. ಆಕಿ ಏನು ತಿಂತಾಳ, ಯಾತಕ್ಕ ಅಂಜತಾಳ, ಕಿಸೇದಾಗ ಏನಿಟ್ಕೊಂಡಾಳ, ಎಲ್ಲಾ ಗೊತ್ತಾಗೇತಿ. ಹೆಸರು ಮಾತ್ರ ಸಿಕ್ಕಿಲ್ಲ. ಕರದ್ರ ಅಲ್ಲೇನ್ರಿ ತಿರುಗಿ ನೋಡೂದು? ಹೆಸರಿಲ್ದ ನಾ ಕಣ್ಣು ಹೆಂಗ ಬರೀಲಿ?"

ಬರೆಯದಿದ್ದರೆ ಅವಳಿಗೆ ಗತಿಯಿರಲಿಲ್ಲ. ಅವಳ ಅಪ್ಪನದು ದೂರದ ಊರಿನಲ್ಲಿ ತೋಫು ಅಂಗಡಿ. ತೋಫು ಎಂದರೆ ಸೋಯಾ ಕಾಳಿನ ಹಾಲಿನಿಂದ ಮಾಡುವ ಗಿಣ್ಣು. ಹೊಸ ವರ್ಷದೊಳಗೆ ಒಂದು ಪತ್ರಿಕೆಯಲ್ಲಿ ಅವಳ ಹೆಸರಿನ ಕಥೆ ಶುರುವಾಗದಿದ್ದರೆ ಅಂಗಡಿಗೆ ಮರಳಬೇಕು, ಗೊತ್ತುಮಾಡಿದ ಗಂಡನ್ನು ಮದುವೆಯಾಗಬೇಕು, ಕುಂಚ ಮುಟ್ಟಬಾರದು ಎಂದು ಅಪ್ಪ ಕರಾರು ಹಾಕಿದ್ದ. ಹುಡುಗಿಯರ ಕಥೆಯನ್ನು ಗಂಡಸರೇ ಬರೆಯುವ ಕಾಲ ಅದು. ಟೋಕಿಯೋದ ಒಬ್ಬ ಸಂಪಾದಕ ಮೂರು ಸಲ ಅವಳ ಕಥೆ ಹಿಂದಕ್ಕೆ ಕಳಿಸಿದ್ದ. ನಾಲ್ಕನೆಯದೇ ಕೊನೆಯದು ಎಂದು ಬರೆದಿದ್ದ.

"ನಿಮ್ಮಲ್ಲಿ ಹೆಸರು ಹೆಂಗ ಇಡ್ತೀರಿ?" ಎಂದು ಅವಳು ನಮ್ಮನ್ನು ದಿನವೂ ಪೀಡಿಸುತ್ತಿದ್ದಳು. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುವುದು, ಎಲ್ಲ ಹೇಳಿದೆ. ಗುದ್ದುವುದು ಯಾಕೆಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗುದ್ದುವವರಿಗೂ ಗೊತ್ತಿರಲಿಕ್ಕಿಲ್ಲ. ನಿಮ್ಮ ಅಕ್ಕಂದಿರ ಹೆಸರೇನು ಎಂದಳು. ಗೌರವ್ವ, ಪಾರವ್ವ, ಶಿವಗಂಗವ್ವ ಎಂದು ಹೇಳಿ, ನಾಲ್ಕನೆಯವಳ ಹೆಸರು ಶಾರದಾ ಎಂದೆ. ಅದು ಅವಳ ಗಂಡನ ಮನೆಯವರು ಇಟ್ಟ ಹೆಸರು. ಹುಟ್ಟಿದ ಹೆಸರನ್ನು ನಾನು ನುಂಗಿಕೊಂಡೆ. ಚನ್ನಬಸಪ್ಪನಿಗೆ ಗೊತ್ತಿತ್ತು. ನನ್ನ ಮುಖ ನೋಡಿದನೇ ಹೊರತು ಒಂದು ಸಲವಾದರೂ ಬಾಯಿ ಬಿಡಲಿಲ್ಲ.

ಹೊಳೆಯ ದಂಡೆ

ಗಿರಣಿಗೆ ರಜೆಯಿದ್ದ ಒಂದು ಸಂಜೆ ಹರುಯೆ ನಮ್ಮನ್ನು ಹೊಳೆಗೆ ಕರೆದೊಯ್ದಳು. ನಮ್ಮ ಕಾಳಿ ನದಿಯ ಅರ್ಧ ಅಗಲದ ಹೊಳೆ. ಅವಳ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹನ್ನೆರಡು ಹೆಸರುಗಳ ಪಟ್ಟಿ. ನನಗೆ ಓದಲು ಬರಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಅದನ್ನು ನನ್ನ ಕೈಗಿತ್ತಳು.

"ನಾ ಆ ದಂಡಿಗೆ ಹೋಗಿ ನಿಂದರ್ತೇನಿ. ನೀವು ಈ ದಂಡಿಯಿಂದ ಒಂದೊಂದ ಹೆಸರು ಕೂಗ್ರಿ. ಹೊತ್ತು ಮುಳುಗೂ ಮುಂದ ಅವ್ವ ಮಗಳನ್ನ ಕರೀತಾಳಲ್ಲ, ಹಂಗ. ಯಾವ ಹೆಸರಿಗೆ ನನ್ನ ಹುಡುಗಿ ತಿರುಗಿ ನೋಡತಾಳ ಅನಸತೈತಿ, ಆವಾಗ ಕೊಡಿ ಎತ್ತತೇನಿ."

ನನ್ನನ್ನು ಯಾಕೆ ಆರಿಸಿದಳೆಂದರೆ ಆ ಊರಲ್ಲಿ ಗಟ್ಟಿಯಾಗಿ ಕೂಗಬಲ್ಲವನು ನಾನೊಬ್ಬನೇ. ಜಪಾನಿಗಳು ಮನೆಗೆ ಬೆಂಕಿ ಬಿದ್ದರೂ ಮೊದಲು ಕ್ಷಮೆ ಕೇಳಿ ಆಮೇಲೆ ಮೆಲ್ಲಗೆ ಹೇಳುವ ಜನ. ನಾನೋ ಹೊಲದ ಆ ತುದಿಯಿಂದ ಈ ತುದಿಗೆ ಮಾತಾಡಿ ಬೆಳೆದವನು.

ಯುರಿಕೊ ಎಂದು ಕೂಗಿದೆ. ರೇಕೊ ಎಂದೆ. ಮಿಚಿಕೊ, ಸಾಯೊಕೊ ಎಂದೆ. ಎಲ್ಲ ಚೆಂದದ, ನಾಜೂಕಿನ ಹೆಸರುಗಳು. ಕೊಡೆ ಏಳಲಿಲ್ಲ. ಒಂದೊಂದು ಹೆಸರಿಗೂ ಅವಳು ಅಲ್ಲಿಂದ ತಲೆಯಲ್ಲಾಡಿಸುತ್ತಿದ್ದಳು. ಹನ್ನೊಂದು ಮುಗಿಯುವಷ್ಟರಲ್ಲಿ ಗಂಟಲು ಹರಿದಿತ್ತು.

"ಸಾಕ್ರಿ ಅಣ್ಣಾ, ಹೋಗೂಣು. ಆ ಹುಡುಗಿ ಕಿವುಡಿ ಇರಬೇಕು" ಎಂದ ಚನ್ನಬಸಪ್ಪ.

ಹನ್ನೆರಡನೆಯ ಹೆಸರಿನ ಮೇಲೆ ಅವಳೇ ಗೀಟು ಎಳೆದು ಹೊಡೆದುಹಾಕಿದ್ದಳು. ನಾನು ಹಟಮಾರಿ. ಪಟ್ಟಿಯಲ್ಲಿದ್ದದ್ದು ಪಟ್ಟಿಯಲ್ಲಿದ್ದ ಹಾಗೇ. ಕಿವಿಗೆ ಕೈ ಇಟ್ಟು, ಹೊಕ್ಕುಳಿನಿಂದ ಉಸಿರು ತೆಗೆದು, ನಮ್ಮವ್ವ ನಮ್ಮಕ್ಕನನ್ನು ಕರೆಯುತ್ತಿದ್ದ ಧಾಟಿಯಲ್ಲೇ ಕೂಗಿದೆ: "ಟೋಮೇ... ಏ ಟೋಮೇ..."

ಎದುರು ದಂಡೆಯಲ್ಲಿ ಕೊಡೆ ಅವಳ ಕೈಯಿಂದ ಜಾರಿ ಬಿತ್ತು. ಇತ್ತ ನನ್ನ ಬೆನ್ನ ಹಿಂದೆ ಯಾರೋ "ಬಂದೇ!" ಎಂದರು.

ತಿರುಗಿ ನೋಡಿದರೆ ಒಬ್ಬ ಮುದುಕಿ, ಕೈಯಲ್ಲಿ ಅರ್ಧ ಹೆಚ್ಚಿದ ಉಳ್ಳಾಗಡ್ಡಿ ತಪ್ಪಲು. ಅವಳ ಹಿಂದೆ ಇನ್ನೊಬ್ಬಳು, ಒದ್ದೆ ಕೈ ಒರೆಸಿಕೊಳ್ಳುತ್ತ. ಮೂರನೆಯವಳು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಏದುಸಿರು ಬಿಡುತ್ತ ಓಡಿ ಬಂದಳು. ಆಕೆ ನಮ್ಮ ಒಬಾಸಾನ್. ಮೂವರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ನನ್ನನ್ನು ನೋಡಿದರು. ದೊಡ್ಡ ತಪ್ಪು ಮಾಡಿದೆನೆಂದು ನಾನು ಸೊಂಟ ಮುರಿಯುವಷ್ಟು ಬಾಗಿ ಬಾಗಿ ನಮಸ್ಕಾರ ಮಾಡಿದೆ. ಚನ್ನಬಸಪ್ಪ ನನಗಿಂತ ಎರಡು ಹೆಚ್ಚು ಮಾಡಿದ.

ಹರುಯೆ ಸೇತುವೆ ದಾಟಿ ಓಡಿ ಬಂದು ವಿಷಯ ಬಿಡಿಸಿ ಹೇಳಿದಳು. ಟೋಮೆ ಎನ್ನುವುದು ಮುದುಕಿಯರ ಹೆಸರು. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ, ಇದೇ ಕೊನೆಯದಾಗಲಿ, ಇಲ್ಲಿಗೆ ನಿಲ್ಲಲಿ ಎಂದು ಇಡುತ್ತಿದ್ದ ಹೆಸರು. ಈ ಮೂವರ ಹೆಸರೂ ಅದೇ, ಹರುಯೆಯ ಸ್ವಂತ ಅಜ್ಜಿಯ ಹೆಸರೂ ಅದೇ. ತಮಾಷೆಗೆ ಬರೆದು, ನಾಚಿಕೆಯಾಗಿ ಹೊಡೆದುಹಾಕಿದ್ದಳಂತೆ.

ಮುದುಕಿಯರು ಬೈಯಲಿಲ್ಲ. ಉಳ್ಳಾಗಡ್ಡಿಯವಳು ದಂಡೆಯ ಮೇಲೆ ಕುಕ್ಕರಿಸಿದಳು. ಅವರಂದದ್ದನ್ನು ಹರುಯೆ ನಮಗೆ ಹೇಳುತ್ತ ಹೋದಳು. "ಯಾರರ ಕರದ್ರ ಅಜ್ಜಿ ಅಂತಾರ, ಇಲ್ಲಾ ಇಂಥವನ ಅವ್ವ ಅಂತಾರ. ಗಂಡ ಇರೂತನಕ ಏ ಅಂತಿದ್ದ. ಹಿಂಗ ಹೆಸರು ಹಿಡದು ನಮ್ಮವ್ವ ಒಬ್ಬಾಕೀನ ಕರೀತಿದ್ಲು. ಆಕಿ ಸತ್ತು ಐವತ್ತ ವರ್ಷ ಆತು. ಕೇಳಿದ ಕೂಡಲೇ ಕಾಲು ತಾವೇ ಓಡಿದ್ವು."

"ನನಗೂ ಹಂಗ ಆತು" ಎಂದಳು ನಮ್ಮ ಅಜ್ಜಿ, ಬರಿಗಾಲನ್ನು ನೋಡಿಕೊಳ್ಳುತ್ತ.

ಆಗ ನನ್ನಿಂದ ತಡೆಯಲಾಗಲಿಲ್ಲ. ನಾನು ಸುಳ್ಳು ಹೇಳಿದ್ದೆ ಎಂದು ಹರುಯೆಗೆ ಒಪ್ಪಿಕೊಂಡೆ. ನನ್ನ ನಾಲ್ಕನೆಯ ಅಕ್ಕ ಹುಟ್ಟಿದಾಗ ನಮ್ಮಪ್ಪ ಇಟ್ಟ ಹೆಸರು ಸಾಕವ್ವ. ಹೆಣ್ಣು ಸಾಕು ಎಂದು ಸಾಕವ್ವ. ಅವಳ ಮೇಲೆ ನಾನು ಹುಟ್ಟಿದೆ. ಹೆಸರು ಫಲ ಕೊಟ್ಟಿತೆಂದು ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅಂಥವಳ ಹೆಸರು ಹೇಳಲು ನನಗೆ ನಾಚಿಕೆಯಾಗಿತ್ತು. ನಾಚಿಕೆಯಾಗಬೇಕಾದದ್ದು ಹೆಸರಿಟ್ಟವರಿಗೆ, ಆ ಸಕ್ಕರೆ ತಿಂದವರಿಗೆ. ಹೊಳೆಯ ದಂಡೆಯ ಮೇಲೆ ಇದನ್ನು ಹೇಳುವಾಗ ನನ್ನ ದನಿ ಒಡೆಯಿತು, ಕೂಗಿ ಕೂಗಿ ಒಡೆದದ್ದೆಂದು ಎಲ್ಲರೂ ತಿಳಿದುಕೊಂಡರು.

ಹರುಯೆ ನನ್ನ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡು ಹರಿದು ಹೊಳೆಗೆ ಎಸೆದಳು. ಚೀಲದಿಂದ ಹಾಳೆ ತೆಗೆದು, ಮುದುಕಿಯರು ಓಡಿ ಬಂದ ದಾರಿಯನ್ನು ಒಮ್ಮೆ ನೋಡಿ, ಕುಂಚ ಹಿಡಿದಳು. ಒಂದೇ ಉಸಿರಿನಲ್ಲಿ ಮುಖ ಬಂತು. ಓಡುತ್ತಿದ್ದವಳು ಹೊರಳಿ ನೋಡಿದ್ದಾಳೆ, ಬಾಯಿ ತೆರೆದಿದೆ, ಬಂದೆ ಎನ್ನುತ್ತಿದ್ದಾಳೆ. ದೊಡ್ಡ ದೊಡ್ಡ ಕಣ್ಣು. ಚೆಲುವೆಯೇನಲ್ಲ. ಆದರೆ ಹೇಳಿದ್ದನ್ನು ಮಾಡಿಯೇ ತೀರುವವಳೆಂದು ನೋಡಿದರೆ ತಿಳಿಯುತ್ತಿತ್ತು.

"ಇನ್ನ ತೊಟ್ಟಲಾ ಮಾಡೂಣು" ಎಂದ ಚನ್ನಬಸಪ್ಪ. ನಮ್ಮ ಅಜ್ಜಿಯೇ ಸೋದರತ್ತೆಯಾದಳು. ಹಾಳೆಯ ಮೇಲಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ತನ್ನ ಹೆಸರನ್ನೇ ಹೇಳಿದಳು. ಉಳಿದಿಬ್ಬರು ಅವಳ ಬೆನ್ನಿಗೆ ಗುದ್ದಿದರು. ಇಷ್ಟು ಸಭ್ಯ ಜನ ಗುದ್ದಲಿಕ್ಕಿಲ್ಲವೆಂದು ನಾನೆಣಿಸಿದ್ದೆ. ಎಣಿಕೆ ತಪ್ಪಿತು. ಹಳಿಯಾಳದ ಹೆಂಗಸರಿಗಿಂತ ಜೋರಾಗಿಯೇ ಗುದ್ದಿದರು.

ಟೋಕಿಯೋ

ನಾವು ಊರಿಗೆ ಹೊರಡುವ ಮೊದಲು ರಾಜಧಾನಿ ನೋಡಿ ಬನ್ನಿ ಎಂದು ಗಿರಣಿಯವರು ಎರಡು ದಿನ ಬಿಟ್ಟರು. ಹರುಯೆ ಅಷ್ಟರಲ್ಲಿ ಮೊದಲ ಕಂತು ಮುಗಿಸಿದ್ದಳು. ಸಂಪಾದಕರ ಹತ್ತಿರ ಹೋಗುವಾಗ ನೀವೂ ಬರಬೇಕು ಎಂದಳು.

"ನಾವು ಬಂದು ಏನ ಮಾಡೂದೈತಿ?"

"ಏನೂ ಮಾಡಬ್ಯಾಡ್ರಿ. ನನ್ನ ಹಿಂದ ಕುಂದರ್ರಿ. ನೀವಿದ್ರ ನನಗ ಸೋತು ಹೂಂ ಅನ್ನಾಕ ನಾಚಿಕಿ ಬರತೈತಿ."

ಟೋಕಿಯೋದಲ್ಲಿ ನೋಡಬೇಕಾದ್ದು ಬಹಳವಿತ್ತಂತೆ. ನಾವು ನೋಡಿದ್ದು ಆ ಕಚೇರಿಯ ನೆಲ. ಸಂಪಾದಕರು ಐವತ್ತು ದಾಟಿದ, ತೆಳ್ಳಗಿನ, ಗಂಟುಮುಖದ ಮನುಷ್ಯ. ಹಾಳೆಗಳನ್ನು ಒಂದೊಂದಾಗಿ ನೋಡಿದರು. ಎರಡು ಕಡೆ ಮೂಗಿನಲ್ಲಿ ನಕ್ಕರು. ಒಂದು ಕಡೆ ಹಿಂದಿನ ಪುಟಕ್ಕೆ ಹೋಗಿ ಮತ್ತೆ ನೋಡಿದರು. ಆಮೇಲೆ ಹೇಳಿದರು, ಹರುಯೆ ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು: ಚೆನ್ನಾಗಿದೆ, ತೆಗೆದುಕೊಳ್ಳುತ್ತೇನೆ, ಹೆಸರು ಬದಲಿಸು.

ಮೊದಲ ಪುಟದ ಮೇಲ್ಗಡೆ ಶೀರ್ಷಿಕೆಗೆಂದು ಜಾಗ ಖಾಲಿ ಬಿಟ್ಟಿರುತ್ತಾರೆ. ಅದನ್ನು ಕಚೇರಿಯಲ್ಲೇ ತುಂಬುವುದು ಅವರ ಪದ್ಧತಿ. ಸಂಪಾದಕರು ಅಲ್ಲಿ ಪೆನ್ಸಿಲಿನಿಂದ ಯುರಿಕೊ ಎಂದು ಬರೆದರು. ಹರುಯೆ ತಲೆಬಾಗಿ ನಮಸ್ಕರಿಸಿ, ಕಿಸೆಯಿಂದ ರಬ್ಬರ್ ತೆಗೆದು ಅಳಿಸಿದಳು. ಅವರು ಮತ್ತೆ ಬರೆದರು. ಅವಳು ಮತ್ತೆ ನಮಸ್ಕರಿಸಿ ಅಳಿಸಿದಳು. ಕಚೇರಿಯವರೆಲ್ಲ ಕೆಲಸ ಬಿಟ್ಟು ನೋಡತೊಡಗಿದರು.

"ಹೊಸ ವರ್ಷದಿಂದ ಶುರುಮಾಡತೇನಿ. ಒಂದ ಹೆಸರಿನ ಸಲುವಾಗಿ ಅನ್ನದ ಗಂಗಾಳಾ ಒದೀತಿಯೇನು?" ಎಂದರು ಅವರು.

"ನನ್ನ ಹುಡುಗಿ ಆ ಹೆಸರಿಗೇ ತಿರುಗಿ ನೋಡ್ಯಾಳ್ರಿ. ಬ್ಯಾರೆ ಹೆಸರಿಗೆ ತಿರುಗೂದಿಲ್ಲ" ಎಂದು ಹರುಯೆ ಕುರ್ಚಿಯಿಂದ ಇಳಿದು ನೆಲದ ಮೇಲೆ ಮಂಡಿಯೂರಿ ಕುಳಿತಳು. ನಾವಿಬ್ಬರೂ ಹಿಂದೆ ಕುಳಿತೆವು. ಸಂಪಾದಕರು ನಮ್ಮನ್ನು ಕಾಣದವರ ಹಾಗೆ ಬೇರೆ ಕಾಗದ ನೋಡತೊಡಗಿದರು.

"ಅಣ್ಣಾ, ಇದಕ್ಕ ನಮ್ಮಲ್ಲಿ ಧರಣಿ ಅಂತಾರಲ್ರಿ?" ಎಂದು ಚನ್ನಬಸಪ್ಪ ಪಿಸುಗುಟ್ಟಿದ.

"ಹೂಂ. ಬಾಯಿ ಮುಚ್ಚಿ ಕುಂದರು."

ಗಡಿಯಾರ ಎರಡು ಸಲ ಗಂಟೆ ಹೊಡೆಯಿತು. ನನ್ನ ಕಾಲು ಸತ್ತು ಮರಗಟ್ಟಿದವು. ಹರುಯೆಯ ಕುತ್ತಿಗೆ ಮಾತ್ರ ಅಲುಗಲಿಲ್ಲ. ಹೊಸ ವರ್ಷಕ್ಕೆ ಆರು ವಾರವಿತ್ತು. ಹೂಂ ಎಂದರೆ ಪತ್ರಿಕೆ, ಉಹೂಂ ಎಂದರೆ ತೋಫು ಅಂಗಡಿ. ಹೋಗಲಿ ಬಿಡವ್ವ, ಒಪ್ಪಿಕೋ ಎಂದು ಹೇಳಬೇಕೆಂದು ನನಗೇ ಅನ್ನಿಸಿತು. ಸಾಕವ್ವನ ತಮ್ಮನಾಗಿ ಹೇಗೆ ಹೇಳಲಿ?

ಕೊನೆಗೆ ಸಂಪಾದಕರು ಕನ್ನಡಕ ತೆಗೆದಿಟ್ಟರು. ಈ ಸಲ ದನಿ ತಗ್ಗಿತ್ತು. ಅವರು ಹೇಳಿದ್ದನ್ನು ಹರುಯೆ ಆಮೇಲೆ ನಮಗೆ ಹೇಳಿದಳು.

"ಟೋಮೆ ನಮ್ಮವ್ವನ ಹೆಸರು. ಆಕಿ ಅದನ್ನ ಎಲ್ಲೂ ಹೇಳತಿದ್ದಿಲ್ಲ. ನನ್ನ ಸಾಲ್ಯಾಗ ಅವ್ವನ ಹೆಸರು ಅಂತ ಬ್ಯಾರೆ ಹೆಸರು ಬರಸಿದ್ಲು. ಗೆಳತ್ಯಾರು ನಗತಾರ ಅಂತ ಸಣ್ಣಾಕಿದ್ದಾಗಿಂದ ಮುಚ್ಚಿಟ್ಕೊಂಡಿದ್ಲು, ಸಾಯೂತನಕ ಮುಚ್ಚಿಟ್ಲು. ನಿನ್ನ ಪುಸ್ತಕ ಓದೂ ಹುಡುಗ್ಯಾರೂ ನಗತಾರ. ನಗೂದು ನಾ ನೋಡೇನಿ, ನೀ ನೋಡಿಲ್ಲ."

ಹರುಯೆ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದಳು. ತಲೆ ಎತ್ತಿದಾಗ ಅವಳ ಕಣ್ಣು ಒದ್ದೆಯಾಗಿದ್ದವು, ದನಿ ಒಣಗಿತ್ತು.

"ಮೊದಲನೇ ಕಂತಿಗೆ ನಗಲ್ರಿ" ಎಂದಳು. "ಎರಡನೇ ಕಂತಿಗೆ ನಗದಂಗ ನಾ ನೋಡ್ಕೋತೇನಿ."

ಸಂಪಾದಕರು ಬಹಳ ಹೊತ್ತು ಆ ಹೊರಳಿ ನೋಡುವ ಮುಖವನ್ನೇ ನೋಡುತ್ತ ಕುಳಿತರು. ಪೆನ್ಸಿಲನ್ನು ಖಾನೆಯಲ್ಲಿಟ್ಟರು. ಕುಂಚ ತೆಗೆದು ಮಸಿಯಲ್ಲಿ ಅದ್ದಿದರು. ಆಮೇಲೆ ಮೊದಲ ಪುಟದ ಖಾಲಿ ಜಾಗದಲ್ಲಿ, ಒಂದೊಂದು ಗೆರೆಯನ್ನೂ ನಿಧಾನವಾಗಿ ಎಳೆದು, ತಮ್ಮ ತಾಯಿಯ ಹೆಸರನ್ನು ಬರೆದರು.